ಒಂಬತ್ತನೇ ಕಂಬದ ಎರಡು ಗುಂಡು

ತಮ್ಮನ ಸಾವು ಸುಬೇದಾರ್ ಮಂದಣ್ಣನವರಿಗೆ ನಾಡಿಗೆಲ್ಲ ತಿಳಿದ ಗಳಿಗೆಯಲ್ಲೇ ತಿಳಿಯಿತು. ಸತ್ತವನು ತಮ್ಮನೆಂಬುದೊಂದು ಮಾತ್ರ ತಿಳಿಯಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತು ಮುಕ್ಕಾಲು ಆಗುತ್ತಾ ಬಂದಿತ್ತು. ಕರಿಮುಡಿ ಗುಡ್ಡದ ನೆತ್ತಿಯ ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಅವರು ಕೂತಿದ್ದರು. ಫೋನು ಬಂತು. ತಮ್ಮನ ತೋಟಕ್ಕೆ ಅಂಟಿಕೊಂಡ ತೋಟದ ಪೆಮ್ಮಯ್ಯನ ದನಿ. ನಿಧಾನವಾದ, ತಗ್ಗಿದ ದನಿ.

"ಮನೇಲಿ ಸಾವಾಗಿದೆ, ಮಂದಣ್ಣಣ್ಣ. ಎರಡು ಗುಂಡು ಹಾರಿಸಲು ಬಿಡಿ."

ಪೆಮ್ಮಯ್ಯನ ತಾಯಿ ಚಿಣ್ಣವ್ವ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು. ಮಂದಣ್ಣನವರು ಯಾರು ಎಂದು ಕೇಳಲಿಲ್ಲ. ಕೇಳುವ ಪದ್ಧತಿಯಿರಲಿಲ್ಲ. ಕೋವಿಯ ಸಂಖ್ಯೆ ಕೇಳಿ ಬರೆದುಕೊಂಡರು. ಬರೆಯುತ್ತಿರುವಾಗಲೇ ಎದುರಿನ ಪರದೆಯಲ್ಲಿ ಒಂಬತ್ತನೇ ಕಂಬದ ಹತ್ತಿರ ಕೆಂಪು ಚುಕ್ಕಿಯೊಂದು ಮಿನುಗಿತು. ಮತ್ತೊಂದು. ಮತ್ತೆ ಮತ್ತೆ. ಪಾಪ, ದುಃಖದಲ್ಲಿ ಕೋವಿಯ ಬೀಗ ಬಿಚ್ಚುವ ಮೊದಲೇ ಅದರ ಕುದುರೆ ಎಳೆಯುತ್ತಿದ್ದಾರೆ, ಹೆಣದ ಮುಂದೆ ಅವರನ್ನು ಕಾಯಿಸಬಾರದು ಎಂದುಕೊಂಡು ಅವರು ಕೈ ಚುರುಕು ಮಾಡಿದರು. ಸಂಖ್ಯೆಯನ್ನು ಎರಡನೇ ಸಲ ಓದಿ ನೋಡುವ ರೂಢಿಯನ್ನೂ ಅಂದು ಬಿಟ್ಟು ಗುಂಡಿ ಒತ್ತಿದರು.

ಕಣಿವೆಯಿಂದ ಮೊದಲ ಗುಂಡಿನ ಸದ್ದು ಬಂತು. ಎರಡನೆಯದು ಬೆನ್ನಿಗೇ ಬರಬೇಕು, ಅದು ಕ್ರಮ. ಅಂದು ನಡುವೆ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಹೋಯಿತು. ತಾಯಿ ಹೋದ ದುಃಖದಲ್ಲಿ ಪೆಮ್ಮಯ್ಯ ತಡವರಿಸಿರಬೇಕು ಎಂದುಕೊಂಡರು.

ಎದ್ದು ನಿಂತು, ಟೋಪಿ ತೆಗೆದು, ಕಿಟಕಿಯ ಕಡೆ ತಿರುಗಿ ಕೈಮುಗಿದರು. ಪಕ್ಕದ ಮೇಜಿನ ಎಂಜಿನಿಯರ್ ಸಫಿಯಾ ಕೂಡ ಎದ್ದು ನಿಂತಳು. ಸತ್ತವರ ಮುಖ ನೋಡುವ ತನಕ ಹೆಸರು ಹೇಳಿ ಬೇಡಬಾರದು ಎಂದು ಮಂದಣ್ಣನವರಿಗೆ ಅವರ ಅಪ್ಪ ಕಲಿಸಿದ್ದರು. ಆದ್ದರಿಂದ, "ಹೋದ ಜೀವ ಯಾವುದೇ ಆಗಲಿ, ಕಾವೇರಮ್ಮ ಅದಕ್ಕೆ ಶಾಂತಿ ಕೊಡಲಿ" ಎಂದಷ್ಟೇ ಹೇಳಿದರು.

ಆ ಕಾಲಕ್ಕೆ ಕರಿಮುಡಿ ನಾಡು ಕೋವಿಯಿಲ್ಲದ ವಲಯವೆನಿಸಿಕೊಂಡು ಹನ್ನೆರಡು ವರ್ಷವಾಗಿತ್ತು. ಹಾಗೆಂದು ಸರ್ಕಾರದ ಕಾಗದ ಹೇಳುತ್ತಿತ್ತು. ನಿಜವಾಗಿ ಕೋವಿಗಳೆಲ್ಲ ಮೊದಲಿನಂತೆ ಮನೆಮನೆಯ ಗೋಡೆಯ ಮೇಲೇ ಇದ್ದವು. ಬಾಯಿ ಮಾತ್ರ ಕಟ್ಟಿತ್ತು. ಪ್ರತಿ ಕೋವಿಯ ಕುದುರೆಯ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಬೀಗವೊಂದನ್ನು ಬೆಸೆದಿದ್ದರು. ನಾಡಿನ ಉದ್ದಗಲಕ್ಕೆ ನೆಟ್ಟ ಇಪ್ಪತ್ತಾರು ಕಂಬಗಳು ಹಗಲೂ ರಾತ್ರಿ ಒಂದು ಅಲೆ ಬಿಡುತ್ತಿದ್ದವು. ಆ ಅಲೆ ತಾಗುತ್ತಿರುವಷ್ಟು ಕಾಲವೂ ಬೀಗ ಬಿಗಿದಿರುತ್ತದೆ. ಕೊಠಡಿಯಿಂದ ಒಂದು ಕೋವಿಯ ಸಂಖ್ಯೆಗೆ ತೆರವು ಕಳಿಸಿದರೆ ಅದರ ಬೀಗವೊಂದೇ ಬಿಚ್ಚುತ್ತದೆ. ಕೊಟ್ಟಷ್ಟು ಗುಂಡು ಹಾರಿದ ಮೇಲೆ ತಾನಾಗಿ ಬಿಗಿದುಕೊಳ್ಳುತ್ತದೆ. ಬೀಗ ಬಿಗಿದ ಕೋವಿಯನ್ನು ಯಾರಾದರೂ ಹಾರಿಸಲು ನೋಡಿದರೆ ಪರದೆಯ ಮೇಲೆ ಕೆಂಪು ಚುಕ್ಕಿ ಮಿನುಗುತ್ತದೆ.

ಚುಕ್ಕಿಯನ್ನು ಬೆರಳಿಂದ ಮುಟ್ಟಿದರೆ ಅದು ಯಾರ ಕೋವಿಯೆಂದು ತಿಳಿಯುತ್ತಿತ್ತು. ಆದರೆ ಮುಟ್ಟುವವರು ಯಾರೂ ಇರಲಿಲ್ಲ. ದಿನಕ್ಕೆ ಐವತ್ತು ಅರವತ್ತು ಚುಕ್ಕಿ ಬೀಳುತ್ತಿದ್ದವು. ನಾಡಿನ ಗಂಡಸರಿಗೆ ಬೆಳಗಿನ ಕಾಫಿ ಕುಡಿದು, ಗೋಡೆಯ ಕೋವಿ ಇಳಿಸಿ, ಇನ್ನೂ ಮೂಕವಾಗಿಯೇ ಇದೆಯೇ ಎಂದು ಒಮ್ಮೆ ಎಳೆದು ನೋಡುವ ಚಟ ಹತ್ತಿತ್ತು. ತೋಟಕ್ಕೆ ಹೋಗುವಾಗಲೂ ಅದನ್ನು ಊರುಗೋಲಿನಂತೆ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್‌ಪೂ, ಎಂದರೆ ಕೋವಿ ಹೂ, ಮುಡಿಸಿ ಪೂಜೆ ಮಾಡುತ್ತಿದ್ದರು. ದೇವರ ಮುಂದೆ ಇಟ್ಟ ಕೋವಿಗೂ ಗಂಟಲಿಲ್ಲ ಎಂದು ಮುದುಕರು ನಗುತ್ತಿದ್ದರು. ಅದು ಒಳ್ಳೆಯ ನಗುವಲ್ಲ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ. ಕರಿಮುಡಿಯ ಮದುವೆ ಮಂಟಪದಲ್ಲಿ ಒಂದು ಮಧ್ಯಾಹ್ನ ಎಂಟು ನಿಮಿಷದೊಳಗೆ ಹನ್ನೊಂದು ಜನ ಸತ್ತಿದ್ದರು. ಮೊದಲು ಹೊಡೆದವನು ಒಬ್ಬನೇ, ಕುಡಿದು ಜಗಳಕ್ಕೆ ಬಿದ್ದವನು. ಆಮೇಲೆ ಹೊಡೆದವರೆಲ್ಲ ತಮ್ಮ ಜೀವ ಉಳಿಸಿಕೊಳ್ಳಲು ಹೊಡೆದವರು. ಕೈಯಲ್ಲಿ ಕೋವಿ ಇದ್ದವರೆಲ್ಲ ಒಬ್ಬರಿಗೊಬ್ಬರು ಕೊಲೆಗಾರರಂತೆ ಕಂಡಿದ್ದರು. ಸೈನ್ಯದಿಂದ ಆಗತಾನೇ ನಿವೃತ್ತರಾಗಿ ಬಂದಿದ್ದ ಮಂದಣ್ಣನವರು ಆ ದಿನ ಹೆಣಗಳನ್ನು ಎತ್ತಿದ್ದರು. ಕಂಬಗಳು ಬರಲಿ ಎಂದು ಮೊದಲು ಸಹಿ ಮಾಡಿದವರಲ್ಲಿ ಅವರೂ ಒಬ್ಬರು.

ಆದರೆ ಅವರು ದೈವಭಕ್ತರು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನಾಡಿಗೂ ಗುರುಕಾರಣರಿಗೂ ತಿಳಿಸುವುದು ಅಪ್ಪ ಅಜ್ಜಂದಿರಿಂದ ಬಂದದ್ದು. ಗುರುಕಾರಣರೆಂದರೆ ಒಕ್ಕವನ್ನು, ಅಂದರೆ ಮನೆತನವನ್ನು, ಕಾಯುವ ಮೂಲ ಹಿರಿಯರು. ಅವರಿಗೆ ತಿಳಿಸದೆ ಜೀವವನ್ನು ಕಳಿಸಿಕೊಡುವುದು ಹೇಗೆ? ಕಾಡಾನೆ ಬಂದರೆ ಚಿತ್ರ ತೆಗೆದು ಕಳಿಸಬೇಕು, ಆಮೇಲೆ ತೆರವು. ಸಾವಿಗೂ ವೈದ್ಯರ ಚೀಟಿ ಇರಲಿ ಎಂದು ಅಧಿಕಾರಿಗಳು ಪಟ್ಟು ಹಿಡಿದಿದ್ದರು. ಆಗ ಸಭೆಯಲ್ಲಿ ಎದ್ದು ನಿಂತು, ಸಾವಿನ ಮನೆಯವರ ಹತ್ತಿರ ಕಾಗದ ಕೇಳುವ ಕಾಲ ನಮ್ಮ ನಾಡಿಗೆ ಬರಬಾರದು ಎಂದು ಹೇಳಿದವರು ಮಂದಣ್ಣನವರೇ. ಅವರ ಮಾತು ನಡೆಯಿತು. ಸಾವಿನ ತೆರವಿಗೆ ಮನೆಯ ಹೆಸರು, ಕೋವಿಯ ಸಂಖ್ಯೆ, ಎರಡೇ ಸಾಕು. ಯಾರು, ಹೇಗೆ ಎಂದು ಕೇಳಬಾರದು. ಒಂದು ನಿಮಿಷದೊಳಗೆ ಬಿಡಬೇಕು.

ಹನ್ನೆರಡು ವರ್ಷದಲ್ಲಿ ಈ ನಿಯಮದ ಮೇಲೆ ಒಂದೇ ಒಂದು ಕಲೆ ಬಿದ್ದಿರಲಿಲ್ಲ.

ಗುಂಡಿನ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಸಾವಿನ ಮನೆಗೆ ಹೋಗಬೇಕು. ಮಂದಣ್ಣನವರು ಸಫಿಯಾಳನ್ನು ತಮ್ಮ ಮೇಜಿಗೆ ಕೂರಿಸಿ ಜೀಪು ಹತ್ತಿದರು. ದಾರಿಯುದ್ದಕ್ಕೂ ಕಾಫಿ ಹೂ ಬಿಟ್ಟು ತೋಟಗಳು ಬೆಳ್ಳಗಿದ್ದವು. ಎಲ್ಲ ಕಡೆಯೂ ಅಲ್ಲ, ನೀರು ಸಿಕ್ಕಿದ ಕಡೆ ಮಾತ್ರ. ಆ ವರ್ಷ ತೋಟಗಳ ನಡುವೆ ಹರಿಯುವ ತೋಡು ಬತ್ತುತ್ತಾ ಬಂದಿತ್ತು. ಇದ್ದ ನೀರನ್ನು ಯಾರು ಮೊದಲು ಪಂಪಿಗೆ ಎತ್ತಬೇಕೆಂದು ಪೆಮ್ಮಯ್ಯನಿಗೂ ತಮ್ಮ ಐಯಣ್ಣನಿಗೂ ಮೂರು ದಿನದಿಂದ ಮಾತು ಬಿರುಸಾಗಿತ್ತು. ಇವತ್ತಿನ ಸಾವು ಆ ಮಾತನ್ನೂ ತಣ್ಣಗೆ ಮಾಡೀತು ಎಂದುಕೊಂಡರು. ಪಕ್ಕದ ತೋಟದವನಾದ ಐಯಣ್ಣ ಆಗಲೇ ಅಲ್ಲಿಗೆ ಹೋಗಿರುತ್ತಾನೆ, ಕೊಡಲಿ ಹಿಡಿದು ಚಿತೆಗೆ ಸೌದೆ ಒಡೆಯುತ್ತಿರುತ್ತಾನೆ. ಜಗಳ ಏನಿದ್ದರೂ ಅಂಥ ಕೆಲಸಕ್ಕೆ ಅವನು ಹಿಂದೆ ಬೀಳುವವನಲ್ಲ.

ಪೆಮ್ಮಯ್ಯನ ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು. ಜಗುಲಿಯ ಬಿಸಿಲಿನಲ್ಲಿ, ಮೊಣಕಾಲಿಗೆ ಶಾಲು ಹೊದ್ದುಕೊಂಡು, ಚಿಣ್ಣವ್ವ ಕೂತಿದ್ದರು. ಮಂದಣ್ಣನವರನ್ನು ನೋಡಿ ಕಣ್ಣು ಕಿರಿದು ಮಾಡಿದರು.

"ಮಂದಣ್ಣನಾ? ಬಾ, ಕೂರು. ಎರಡು ಗುಂಡು ಕೇಳ್ತು. ಯಾರು ಹೋದ್ರು ಮಗಾ? ಇವರನ್ನ ಕೇಳಿದ್ರೆ ಒಬ್ಬರೂ ಹೇಳ್ತಾ ಇಲ್ಲ, ನನ್ನನ್ನೇ ಬಿಟ್ಟ ಕಣ್ಣು ಬಿಟ್ಟು ನೋಡ್ತಾರೆ."

ಮಂದಣ್ಣನವರ ಕಾಲು ಮೆಟ್ಟಿಲಿನಲ್ಲೇ ನಿಂತಿತು. ಪೆಮ್ಮಯ್ಯ ಎಲ್ಲಿ ಎಂದು ಕೇಳಿದರು. ತೋಡಿನ ಕಡೆ ಹೋದ, ಬೆಳಿಗ್ಗೆ ಕೋವಿ ತೆಗೆದುಕೊಂಡು ಹೋದವನು ಬಂದಿಲ್ಲ ಎಂದರು ಮುದುಕಿ. ಅಷ್ಟರಲ್ಲಿ ಅಂಗಳದಲ್ಲಿದ್ದ ಒಬ್ಬನಿಗೆ ಪೇಟೆಯಿಂದ ಫೋನು ಬಂತು. ಪೆಮ್ಮಯ್ಯ ಪೊಲೀಸ್ ಠಾಣೆಗೆ ನಡೆದುಕೊಂಡು ಬಂದು, ಕೋವಿಯನ್ನು ಮೇಜಿನ ಮೇಲಿಟ್ಟು ಕೂತಿದ್ದಾನಂತೆ. ಫೋನು ಹಿಡಿದವನು ಮಂದಣ್ಣನವರ ಮುಖ ನೋಡಿ ತಲೆ ತಗ್ಗಿಸಿದ. ಅವರು ಅಂಗಳ ದಾಟಿ ತೋಡಿನ ದಾರಿ ಹಿಡಿದರು.

ಕಟ್ಟೆಯ ಮೇಲೆ ಐಯಣ್ಣ ಮಗ್ಗುಲಾಗಿ ಬಿದ್ದಿದ್ದ. ಅಪ್ಪನ ಕಾಲದ ಕೋವಿ ಅವನ ಕೈಯಲ್ಲೇ ಇತ್ತು. ತೋರುಬೆರಳು ಕುದುರೆಯ ಮೇಲಿತ್ತು. ಬಿಡಿಸಲು ನೋಡಿದರು, ಬರಲಿಲ್ಲ. ಮುಟ್ಟಬೇಡಿ, ಪೊಲೀಸರು ಬರಲಿ ಎಂದು ಹಿಂದಿನಿಂದ ಯಾರೋ ಹೇಳಿದರು. ಐಯಣ್ಣ ಪಂಪನ್ನು ಚಾಲೂ ಮಾಡಿಟ್ಟಿದ್ದ. ಅದು ಓಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಯಾರಿಗೂ ತೋಚಲಿಲ್ಲ. ಸಂಜೆಯವರೆಗೂ ಹೂವಿಗೆ ನೀರು ಬೀಳುತ್ತಿತ್ತು.

ದೇಹವನ್ನು ತಾಲೂಕು ಆಸ್ಪತ್ರೆಗೆ ಕಳಿಸಿ, ಮಧ್ಯಾಹ್ನ ಮೂರು ಗಂಟೆಗೆ ಮಂದಣ್ಣನವರು ಮತ್ತೆ ಗುಡ್ಡ ಹತ್ತಿದರು. ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರಿದ್ದದ್ದು ಐಯಣ್ಣನ ಮನೆಯಲ್ಲೇ. ಅಲ್ಲಿ ಐಯಣ್ಣನ ಹೆಂಡತಿ ದೇಚಮ್ಮ ಇದ್ದಳು.

ಸಫಿಯಾ ಅತ್ತು ಮುಖ ಊದಿಸಿಕೊಂಡಿದ್ದಳು. "ಚುಕ್ಕಿ ಮುಟ್ಟಿ ನೋಡಿದೆ, ಸುಬೇದಾರ್ ಸಾರ್. ನೀವೂ ನೋಡಬೇಕಾ?" ಎಂದಳು.

ನೋಡಬೇಕು ಎಂದರು. ಅವಳು ಯಂತ್ರದ ದಾಖಲೆಯನ್ನು ಬಿಡಿಸಿ ಇಟ್ಟಳು. ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಪೆಮ್ಮಯ್ಯನ ಫೋನು. ಆಮೇಲೆ ಮೂವತ್ತು ಸೆಕೆಂಡು ಬಿಟ್ಟು ಒಂಬತ್ತನೇ ಕಂಬದಡಿ ಏಳು ಚುಕ್ಕಿ. ಏಳೂ ಒಂದೇ ಕೋವಿಯವು. ಸಂಖ್ಯೆಯನ್ನು ಓದಬೇಕಾಗಿರಲಿಲ್ಲ. ಹುಡುಗನಾಗಿದ್ದಾಗ ಅದರ ಹಿಡಿಕೆಗೆ ಎಣ್ಣೆ ತಿಕ್ಕಿದವರು ಅವರು.

ಎಲ್ಲವೂ ಕಣ್ಣ ಮುಂದೆ ಬಂತು. ಕಟ್ಟೆಯ ಆಚೆ ಪೆಮ್ಮಯ್ಯ ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಸಾವಾಗಿದೆ ಎಂದು ಹೇಳುತ್ತಿದ್ದಾನೆ. ಈಚೆ ಐಯಣ್ಣ ಅದನ್ನು ಕೇಳುತ್ತಿದ್ದಾನೆ. ಯಾವ ಸಾವೆಂದು ಅವನಿಗೆ ಹೊಳೆಯಲು ಅರ್ಧ ನಿಮಿಷ ಹಿಡಿದಿದೆ. ಕೋವಿ ಎತ್ತಿ ಎಳೆದಿದ್ದಾನೆ. ಏಳು ಸಲ. ಅವನು ಎಳೆದ ಒಂದೊಂದು ಸಲವೂ ಇಲ್ಲಿ ಒಂದೊಂದು ಚುಕ್ಕಿಯಾಗಿ ಮಿನುಗಿದೆ. ಆ ಚುಕ್ಕಿಗಳನ್ನು ನೋಡಿಯೇ ಅಣ್ಣನ ಕೈ ಚುರುಕಾಗಿದೆ.

ಮಂದಣ್ಣನವರು ಗುಂಡಿ ಒತ್ತಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು.

ಆಮೇಲೆ ಇಬ್ಬರು ಬಂದರು. ಮೊದಲು ಬಂದವರು ಒಕ್ಕದ ಯಜಮಾನ, ಪಟ್ಟೆದಾರ ಮೇದಪ್ಪ. ಕಂಬಗಳು ಬೇಡ, ಕೋವಿ ನಮ್ಮ ಹಕ್ಕು ಎಂದು ಹತ್ತು ವರ್ಷದಿಂದ ಹೋರಾಡುತ್ತಿದ್ದ ಸಮಿತಿಗೂ ಅವರೇ ಹಿರಿಯರು. ಕೂರದೆ, ನಿಂತೇ ಮಾತಾಡಿದರು.

"ಏಳು ಸಲ ಎಳೆದಿದ್ದಾನೆ ನಿನ್ನ ತಮ್ಮ. ಒಂದು ಸಲ ಹಾರಿದ್ದರೆ ಇವತ್ತು ಊಟಕ್ಕೆ ಮನೇಲಿರ್ತಿದ್ದ. ಅವನ ಕೈ ಕಟ್ಟಿ ಹಾಕಿ, ಕೊಂದವನ ಕೈ ಬಿಚ್ಚಿದ್ದು ನಿಮ್ಮ ಕಂಬ. ಇಷ್ಟು ಬರೆದು ಸಹಿ ಹಾಕು ಮಂದಣ್ಣ, ಬೇರೆ ಏನೂ ಬೇಡ."

ಅವರು ಹೋದ ಗಳಿಗೆಗೆ ವಲಯಾಧಿಕಾರಿ ಹೆಬ್ಬಾರರು ಬಂದರು. ಒಳ್ಳೆಯ ಮನುಷ್ಯ. ಮೊದಲು ಕೈಹಿಡಿದು ಸಂತಾಪ ಹೇಳಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಹನ್ನೆರಡು ವರ್ಷದಲ್ಲಿ ಗುಂಡಿಗೆ ಸತ್ತವನು ಇವನೊಬ್ಬನೇ. ಕಂಬ ಇಲ್ಲದಿದ್ದರೆ ಎಷ್ಟು ಜನ ಹೋಗುತ್ತಿದ್ದರೋ ನಿಮಗೇ ಗೊತ್ತು. ತಪ್ಪಾದದ್ದು ಕಂಬದಿಂದಲ್ಲ, ಕಂಬಕ್ಕೆ ಬಿಟ್ಟ ಕಿಂಡಿಯಿಂದ, ಸಾವಿನ ತೆರವಿನಿಂದ. ಚುಕ್ಕಿಗಳ ವಿಷಯ ವರದಿಯಲ್ಲಿ ಅಷ್ಟು ವಿಸ್ತಾರವಾಗಿ ಬರುವುದು ಬೇಡ. ಅದರಿಂದ ಪೆಮ್ಮಯ್ಯನಿಗೇ ಅನುಕೂಲ. ಐಯಣ್ಣನೇ ಮೊದಲು ಕೋವಿ ಎತ್ತಿದ, ನಾನು ಜೀವಭಯದಿಂದ ಹೊಡೆದೆ ಎಂದು ಅವನು ಠಾಣೆಯಲ್ಲಿ ಆಗಲೇ ಹೇಳಿದ್ದಾನೆ. ದಾಖಲೆ ಒಂದು ದಿನ ಕಳೆದರೆ ತಾನಾಗಿಯೇ ಅಳಿಯುತ್ತದೆ, ಯಾರೂ ಅಳಿಸಬೇಕಾಗಿಲ್ಲ. ಇಷ್ಟನ್ನೂ ಅವರು ನೆಲ ನೋಡುತ್ತಲೇ ಹೇಳಿದರು.

ಅವರು ಹೋದ ಮೇಲೆ ದಾಖಲೆಯನ್ನು ಅಳಿಯದಂತೆ ಉಳಿಸು ಎಂದು ಮಂದಣ್ಣನವರು ಸಫಿಯಾಳಿಗೆ ಹೇಳಿದರು.

"ಉಳಿಸಿದರೆ ನಿಮ್ಮ ಮೇಲೆ ಬರ್ತದೆ ಸಾರ್. ಚುಕ್ಕಿ ನೋಡಿಯೂ ಮುಟ್ಟಲಿಲ್ಲ ಅಂತ."

"ನೋಡಿದೆ. ಮುಟ್ಟಲಿಲ್ಲ. ನಿಜ ತಾನೇ?"

ಒಂದು ಹಾಳೆ ತೆಗೆದುಕೊಂಡು ಅವರು ಬರೆದರು. ಫೋನು ಮೊದಲು ಬಂತು, ಚುಕ್ಕಿ ಆಮೇಲೆ ಬಂದವು. ಪೆಮ್ಮಯ್ಯನ ದನಿಯಲ್ಲಿ ಭಯವಿರಲಿಲ್ಲ. ಇದ್ದ ಶಾಂತಿಯನ್ನು ನಾನು ದುಃಖವೆಂದು ತಿಳಿದೆ. ನನ್ನ ತಮ್ಮ ಏಳು ಸಲ ತನ್ನನ್ನು ಕಾಪಾಡಿಕೊಳ್ಳಲು ನೋಡಿದ, ಕಂಬ ಬಿಡಲಿಲ್ಲ. ಅವನ ಕೋವಿ ಹಾರಿದ್ದರೆ ಇವತ್ತು ಚಿಣ್ಣವ್ವನ ಮಗ ಸತ್ತಿರುತ್ತಿದ್ದ, ಅಥವಾ ಇಬ್ಬರೂ ಸತ್ತಿರುತ್ತಿದ್ದರು, ಅಥವಾ ಯಾರೂ ಸಾಯುತ್ತಿರಲಿಲ್ಲ. ನಾನು ಮಂಟಪದಲ್ಲಿ ಹೆಣ ಎತ್ತಿದವನು, ನನಗೆ ತಿಳಿಯದು. ಸಾವಿನ ಮನೆಯಲ್ಲಿ ಪ್ರಶ್ನೆ ಕೇಳಬಾರದೆಂಬ ನಿಯಮ ಮಾಡಿಸಿದವನು ನಾನು. ಗುಂಡಿ ಒತ್ತಿದವನು ನಾನು. ಕೊನೆಯಲ್ಲಿ ಸಹಿ ಹಾಕಿ ಮಡಚಿದರು. ಈ ಕಾಗದ ಮೇದಪ್ಪನವರಿಗೂ ಬೇಡವಾಗುತ್ತದೆ, ಹೆಬ್ಬಾರರಿಗೂ ಬೇಡವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಈಗ ಅವರಿಗೆ ಉಳಿದದ್ದು ಎರಡು ಕೆಲಸ. ದೇಚಮ್ಮನಿಗೆ ನಿಜ ಹೇಳುವುದು ಒಂದು. ಇನ್ನೊಂದು ಅದಕ್ಕಿಂತ ಭಾರದ್ದು. ಐಯಣ್ಣನ ಹೆಣ ಮನೆಗೆ ಬರುತ್ತದೆ. ಮನೆಯಲ್ಲಿ ಸಾವಾದರೆ ಎರಡು ಗುಂಡು. ಆ ತೆರವನ್ನು ಕೊಡಬೇಕಾದವರೂ ಅವರೇ. ಕೊಟ್ಟರೆ ತಮ್ಮನನ್ನು ಕೊಂದ ಅದೇ ಗುಂಡಿಯನ್ನು ಅದೇ ಬೆರಳಿನಿಂದ ಮತ್ತೆ ಒತ್ತಬೇಕು, ಇಲ್ಲವೇ ಸಫಿಯಾಳಿಂದ ಒತ್ತಿಸಬೇಕು. ಕೊಡದಿದ್ದರೆ ಗುರುಕಾರಣರಿಗೆ ತಿಳಿಸದೆ ಅವನನ್ನು ಕಳ್ಳನಂತೆ ಕಳಿಸಿದ ಹಾಗೆ. ನಂಬಿದ್ದನ್ನು ಬಿಟ್ಟು ಬದುಕುವ ವಯಸ್ಸು ಅವರದಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮನೆಯ ಹಿತ್ತಿಲ ಬಾಗಿಲಲ್ಲಿ ಕೂತು ದೇಚಮ್ಮನಿಗೆ ಹೇಳಿದರು. ಒಂದೂ ಬಿಡಲಿಲ್ಲ. ಫೋನು, ಚುಕ್ಕಿ, ಚುರುಕಾದ ಕೈ, ಟೋಪಿ ತೆಗೆದು ಹೆಸರು ಹೇಳದೆ ಬೇಡಿದ್ದು, ಎಲ್ಲವನ್ನೂ ಹೇಳಿದರು. ಅವಳು ಬರುವವರಿಗೆಂದು ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಏಳು ಸಲವಾ?"

"ಏಳು ಸಲ."

"ಅವರು ಹಂಗೇ. ಕೆಟ್ಟ ಪಂಪನ್ನೂ ಏಳು ಸಲ ಎಳೆದು ನೋಡೋರು. ಬಿಟ್ಟು ಓಡಿ ಹೋಗೋಕೆ ಬರ್ತಿರ್ಲಿಲ್ಲ ಅವರಿಗೆ." ಮೊರವನ್ನು ಪಕ್ಕಕ್ಕಿಟ್ಟಳು. "ನಿಮ್ಮ ಮೇಲೆ ಸಿಟ್ಟು ಬರ್ತದೆ, ಭಾವ. ಈಗ ಬಂದಿಲ್ಲ. ಬರ್ತದೆ. ಬಂದಾಗ ನೀವು ಈ ಮನೇಲೇ ಇರಬೇಕು, ಎಲ್ಲಿಗೂ ಹೋಗಬಾರದು."

ಆಗಲಿ ಎಂದರು.

ಹನ್ನೆರಡು ಗಂಟೆಗೆ ಹೆಣ ಬಂತು. ಬಿಳಿಯ ನಿಲುವಂಗಿ ಕುಪ್ಯ ತೊಡಿಸಿ, ನಡುಮನೆಯ ತೂಗುದೀಪದ ಕೆಳಗೆ ಮಲಗಿಸಿದರು. ಅಂಗಳ ತುಂಬಿ ರಸ್ತೆಯವರೆಗೂ ಜನ ನಿಂತಿದ್ದರು. ಮೇದಪ್ಪನವರು ತಮ್ಮ ಕೋವಿ ತಂದಿದ್ದರು. ಹಾರಿಸುವವನು ನಾನೇ, ಮಂದಣ್ಣ ಗುಡ್ಡಕ್ಕೆ ಫೋನು ಮಾಡಿ ತೆರವು ಕೊಡಿಸಲಿ ಎಂದರು. ಜನರಲ್ಲಿ ಗುಸುಗುಸು ಎದ್ದಿತು. ಹಾರಿಸಲಿ, ಇವತ್ತಾದರೂ ನಮ್ಮ ಕೋವಿ ಮಾತಾಡಲಿ ಎಂದರು ಕೆಲವರು. ಆ ಸದ್ದನ್ನು ಮತ್ತೆ ಕೇಳುವುದು ಹೇಗೆ ಎಂದರು ಹೆಂಗಸರು.

ಮಂದಣ್ಣನವರು ಫೋನು ತೆಗೆದರು. ಸಫಿಯಾ ಆ ಕಡೆಯಿಂದ ಹಲೋ ಎಂದಳು. ಮೇದಪ್ಪನವರ ಕೋವಿಯ ಸಂಖ್ಯೆಯನ್ನು ಹೇಳಬೇಕು. ಅವರ ಬಾಯಿ ತೆರೆಯಿತು, ಸಂಖ್ಯೆ ಬರಲಿಲ್ಲ. ಸಾರ್, ಹೇಳಿ ಸಾರ್, ಎಂದು ಅವಳು ಕೇಳುತ್ತಲೇ ಇದ್ದಳು.

ಆಗ ದೇಚಮ್ಮ ಗಂಡನ ತಲೆಯ ಹತ್ತಿರದಿಂದ ಎದ್ದು ಬಾಗಿಲಿಗೆ ಬಂದಳು. ಕೂಗಿ ಹೇಳಲಿಲ್ಲ. ಆದರೂ ಅಂಗಳದ ಕೊನೆಯವರೆಗೂ ಕೇಳಿಸಿತು.

"ಅವರಿಗೆ ಎರಡು ಗುಂಡು ಆಗಿದೆ, ಭಾವ. ನಿನ್ನೆಯೇ ಆಗಿದೆ. ನಾಡೆಲ್ಲ ಕೇಳಿದೆ. ಎಲ್ಲರೂ ಎದ್ದು ನಿಂತಿದಾರೆ, ನೀವೂ ಟೋಪಿ ತೆಗೆದು ನಿಂತಿದೀರಿ. ಒಬ್ಬ ಮನುಷ್ಯನಿಗೆ ನಾಲ್ಕು ಗುಂಡು ಯಾಕೆ?"

ಮೇದಪ್ಪನವರು ಅವಳ ಮುಖ ನೋಡಿದರು. ಆಮೇಲೆ ಕೋವಿಯನ್ನು ಹೆಗಲಿನಿಂದ ಇಳಿಸಿ ಗೋಡೆಗೆ ಒರಗಿಸಿದರು.

"ಮುಖ ನೋಡಿ. ನಿನ್ನೆ ಹೆಸರು ಹೇಳಿರ್ಲಿಲ್ಲ ನೀವು. ಈಗ ಹೇಳಿ" ಎಂದಳು ದೇಚಮ್ಮ.

ಮಂದಣ್ಣನವರು ಫೋನನ್ನು ಜೇಬಿಗಿಟ್ಟು, ಟೋಪಿ ತೆಗೆದು, ಒಳಗೆ ಹೋಗಿ ತಮ್ಮನ ತಲೆಯ ಬಳಿ ಕೂತರು. ಆಸ್ಪತ್ರೆಯವರು ಕೋವಿಯಿಂದ ಬಿಡಿಸಿದ್ದ ತೋರುಬೆರಳು ಇನ್ನೂ ಕೊಂಚ ಮಡಚಿಕೊಂಡೇ ಇತ್ತು. ಅದನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ನೇರ ಮಾಡಿದರು. ಮುಖ ನೋಡಿದರು. ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಮಾತನ್ನು, ಹಚ್ಚಿದ ದೀಪದ ಎದುರು, ಮೊದಲಿಂದ ಹೇಳಿದರು.

"ತಾಯಿ ಕಾವೇರಮ್ಮ, ನಮ್ಮ ಒಕ್ಕದ ಗುರುಕಾರಣರೇ, ಇವನು ಐಯಣ್ಣ. ನನ್ನ ತಮ್ಮ. ಇವನು ಬಂದ ಸುದ್ದಿ ನಿಮಗೆ ನಿನ್ನೆಯೇ ಮುಟ್ಟಿದೆ, ಮುಟ್ಟಿಸಿದವನು ನಾನೇ. ನನ್ನ ಪಾಪವನ್ನು ಇವನ ತಲೆಗೆ ಕಟ್ಟಬೇಡಿ. ಇವನ ಕೈ ಈಗ ಖಾಲಿಯಾಗಿದೆ. ಇವನನ್ನು ಒಳಗೆ ಕರೆದುಕೊಳ್ಳಿ. ಐಯಣ್ಣನ ಜೀವಕ್ಕೆ ಶಾಂತಿ ಕೊಡಿ."